ಹಳೆಯ ಕಂಪ್ಯೂಟರ್ ಪುಸ್ತಕ: ದಾನವೋ, ವಿಲೇವಾರಿಯೋ?

ಕಳೆದ ತಿಂಗಳು ಮನೆಯ ಪುಸ್ತಕದ ಕಪಾಟನ್ನು ಹಗುರ ಮಾಡಲು ಕುಳಿತೆ. ಕಥೆ, ಕಾದಂಬರಿ, ವಿಮರ್ಶೆಗಳ ವಿಷಯದಲ್ಲಿ ಹೆಚ್ಚು ತಕರಾರು ಬರಲಿಲ್ಲ. ಯಾವುದು ಉಳಿಯಬೇಕು, ಯಾವುದು ಯಾರಿಗೆ ಸಲ್ಲಬೇಕು ಎಂಬುದು ಅರ್ಧ ದಿನದಲ್ಲೇ ತೀರ್ಮಾನವಾಯಿತು. ಕೈ ನಿಂತದ್ದು ಕೆಳಗಿನ ಎರಡು ಸಾಲುಗಳ ಬಳಿ. ಮೂರು ದಶಕಗಳಲ್ಲಿ ನಾನು ಕೊಂಡ ಕಂಪ್ಯೂಟರ್ ಪುಸ್ತಕಗಳು ಅಲ್ಲಿ ನಿಂತಿದ್ದವು: ಡಾಸ್, ವರ್ಡ್‌ಸ್ಟಾರ್, ಲೋಟಸ್, ಫಾಕ್ಸ್‌ಪ್ರೊ, ವಿಂಡೋಸ್ 95, ವಿಷುಯಲ್ ಬೇಸಿಕ್ 6, ಫ್ಲ್ಯಾಶ್. ಎಣಿಸಿದರೆ ನಲವತ್ತೆರಡು. ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ಸಂಬಳದ ಗಣನೀಯ ಪಾಲನ್ನು ತೆತ್ತು ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಗಳಿಂದ ಹೊತ್ತು ತಂದವು. ಇವುಗಳಲ್ಲಿ ಹೆಚ್ಚಿನವನ್ನು ಕಳೆದ ಹದಿನೈದು ವರ್ಷಗಳಲ್ಲಿ ನಾನು ತೆರೆದೇ ಇಲ್ಲ.

ಈ ಪುಟದ ಓದುಗರಲ್ಲಿ ಅನೇಕರ ಮನೆಗಳಲ್ಲಿ ಇಂತಹ ಒಂದು ಸಾಲು ಇದ್ದೀತು. ತೊಂಬತ್ತರ ದಶಕದಿಂದೀಚೆಗೆ ಕಂಪ್ಯೂಟರ್ ಕಲಿಕೆಯೇ ಮಧ್ಯಮ ವರ್ಗದ ಭರವಸೆಯಾಗಿದ್ದ ಈ ನಾಡಿನಲ್ಲಿ ಅದು ಸಹಜವೂ ಹೌದು. ಆದರೆ ಅವುಗಳನ್ನು ಏನು ಮಾಡಬೇಕೆಂಬುದು ಸುಲಭದ ಪ್ರಶ್ನೆಯಲ್ಲ. ಪುಸ್ತಕಕ್ಕೆ ಕಾಲು ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಂತೆ ಬೆಳೆದವರು ನಾವು. ಗುಜರಿಯವನ ತಕ್ಕಡಿಗೆ ಹಾಕಲು ಮನಸ್ಸು ಒಪ್ಪುವುದಿಲ್ಲ, ಇಟ್ಟುಕೊಳ್ಳಲು ಮನೆಯಲ್ಲಿ ಜಾಗವಿಲ್ಲ. ಆಗ ಎಲ್ಲರ ಬಾಯಿಂದ ಬರುವ ಸಲಹೆ ಒಂದೇ: ‘ಊರಿನ ಗ್ರಂಥಾಲಯಕ್ಕೆ ಕೊಟ್ಟುಬಿಡಿ, ಯಾರಿಗಾದರೂ ಉಪಯೋಗವಾದೀತು.’

ಈ ಸಲಹೆಯನ್ನು ನಾನು ಒಮ್ಮೆ ಪಾಲಿಸಿದ್ದೇನೆ. ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ತನ್ನ ಬೆಂಬಲವನ್ನು ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು. ಅದೇ ಬೇಸಿಗೆಯಲ್ಲಿ ನನ್ನ ಹುಟ್ಟೂರಿನ ಗ್ರಂಥಾಲಯಕ್ಕೆ ಒಂದು ಪೆಟ್ಟಿಗೆ ಕಂಪ್ಯೂಟರ್ ಪುಸ್ತಕಗಳನ್ನು ಒಯ್ದು ಕೊಟ್ಟೆ. ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ‘ಊರಿನ ಮಕ್ಕಳಿಗೆ, ಪ್ರೀತಿಯಿಂದ’ ಎಂದು ಬರೆದು ಸಹಿ ಹಾಕಿದೆ. ಅವರು ಒಂದು ಶಾಲು ಹೊದಿಸಿದರು. ಕಪಾಟು ಖಾಲಿಯಾದ ನೆಮ್ಮದಿಯ ಜೊತೆಗೆ ಪುಣ್ಯವೂ ಬಂದಂತಾಯಿತು.

ಐದು ವರ್ಷಗಳ ನಂತರ, 2019ರಲ್ಲಿ, ಅದೇ ಗ್ರಂಥಾಲಯಕ್ಕೆ ಹೋಗಿದ್ದೆ. ಕಿಟಕಿಯ ಬಳಿ ಒಬ್ಬ ಹುಡುಗಿ ಕುಳಿತು ನನ್ನ ಡಾಸ್ ಪುಸ್ತಕದಿಂದ ಟಿಪ್ಪಣಿ ಬರೆದುಕೊಳ್ಳುತ್ತಿದ್ದಳು. ಲೋಕಸೇವಾ ಆಯೋಗದ ಗ್ರೂಪ್ ಸಿ ಹುದ್ದೆಗಳ ಪರೀಕ್ಷೆಗೆ ಓದುತ್ತಿದ್ದಾಳೆಂದು ತಿಳಿಯಿತು. ಆ ಪರೀಕ್ಷೆಯಲ್ಲಿ ಸಾಮಾನ್ಯ ಕನ್ನಡ, ಸಾಮಾನ್ಯ ಇಂಗ್ಲಿಷ್‌ಗಳ ಜೊತೆ ಕಂಪ್ಯೂಟರ್ ಜ್ಞಾನಕ್ಕೂ ಅಂಕಗಳಿವೆ. ಅವಳ ನೋಟ್‌ಬುಕ್ಕಿನಲ್ಲಿ ದುಂಡಗಿನ ಅಕ್ಷರಗಳಲ್ಲಿ ಡಾಸ್‌ನ 640 ಕಿಲೋಬೈಟ್ ನೆನಪಿನ ಮಿತಿ, ಫ್ಲಾಪಿಯ 1.44 ಮೆಗಾಬೈಟ್ ಸಾಮರ್ಥ್ಯ, ಕಡತವನ್ನು ನಕಲು ಮಾಡುವ ಆದೇಶಗಳೆಲ್ಲ ಸಾಲಾಗಿ ಇದ್ದವು. ‘ಸರ್, ಈ ಫ್ಲಾಪಿ ಎಲ್ಲಿ ಸಿಗುತ್ತೆ? ತಾಲ್ಲೂಕಿನ ಅಂಗಡೀಲಿ ಕೇಳಿದ್ರೆ ನಕ್ಕುಬಿಟ್ರು’ ಎಂದಳು. ನಾನು ಉತ್ತರ ಹುಡುಕುತ್ತಿರುವಾಗಲೇ ಮೊದಲ ಪುಟ ತಿರುಗಿಸಿ, ‘ಇದು ನೀವೇ ಕೊಟ್ಟಿದ್ದಲ್ವಾ ಸರ್? ತುಂಬ ಉಪಕಾರ ಆಯ್ತು’ ಎಂದಳು.

ಆ ಕೃತಜ್ಞತೆಯನ್ನು ಸ್ವೀಕರಿಸುವ ಯೋಗ್ಯತೆ ನನಗಿರಲಿಲ್ಲ. ಕಠೋಪನಿಷತ್ತಿನ ನಚಿಕೇತನ ಕಥೆ ನಮಗೆಲ್ಲ ಗೊತ್ತಿರುವುದೇ. ತಂದೆ ಯಜ್ಞ ಮಾಡಿ ದಾನ ಕೊಡುತ್ತಿರುವುದು ಹಾಲು ಬತ್ತಿದ, ಇನ್ನು ಮೇವು ನೀರು ಮುಟ್ಟಲಾರದ ಮುದಿ ಹಸುಗಳನ್ನು ಎಂಬುದು ಆ ಬಾಲಕನ ಕಣ್ಣಿಗೆ ಬೀಳುತ್ತದೆ. ದಾನದ ಹೆಸರಿನಲ್ಲಿ ತನಗೆ ಬೇಡವಾದದ್ದನ್ನು ಇನ್ನೊಬ್ಬರ ಕೊಟ್ಟಿಗೆಗೆ ಸಾಗಿಸುವುದು ಹೊಸ ಚಾಳಿಯೇನಲ್ಲ ಎಂದಾಯಿತು. ನಾನು ಆ ಹುಡುಗಿಗೆ ಕೊಟ್ಟದ್ದು ಪುಸ್ತಕವನ್ನಲ್ಲ. ತೀರ್ಮಾನ ತೆಗೆದುಕೊಳ್ಳಲಾಗದ ನನ್ನ ಸೋಮಾರಿತನವನ್ನು. ಅದರ ಬೆಲೆಯನ್ನು ಅವಳು ತನ್ನ ಸಮಯದಲ್ಲಿ ತೆತ್ತಿದ್ದಳು.

ಎಲ್ಲ ಪುಸ್ತಕಗಳೂ ಹಳತಾಗುತ್ತವೆ, ಕಂಪ್ಯೂಟರ್ ಪುಸ್ತಕಗಳದ್ದೇನು ವಿಶೇಷ ಎಂದು ಕೇಳಬಹುದು. ಇದಕ್ಕೆ ಉತ್ತರ ನಮ್ಮ ಮನೆಯ ಗೋಡೆಗೆ ತೂಗುಬಿಟ್ಟ ಪಂಚಾಂಗದಲ್ಲಿದೆ. ಯುಗಾದಿ ಕಳೆದೊಡನೆ ಹಳೆಯ ಪಂಚಾಂಗಕ್ಕೆ ಕೆಲಸವಿಲ್ಲ. ಅದನ್ನು ನೋಡಿ ಯಾರೂ ಮುಹೂರ್ತ ಇಡುವುದಿಲ್ಲ, ತೆಗೆದುಹಾಕಲು ಯಾರೂ ದುಃಖಿಸುವುದಿಲ್ಲ. ಆದರೆ ಆ ಪಂಚಾಂಗವನ್ನು ಸಾಧ್ಯವಾಗಿಸಿದ ಗಣಿತ ಹಳತಾಗುವುದಿಲ್ಲ. ಕಂಪ್ಯೂಟರ್ ಪುಸ್ತಕಗಳಲ್ಲಿಯೂ ಈ ಎರಡು ಜಾತಿಗಳಿವೆ. ಒಂದು, ನಿರ್ದಿಷ್ಟ ತಂತ್ರಾಂಶದ ನಿರ್ದಿಷ್ಟ ಆವೃತ್ತಿಯಲ್ಲಿ ಯಾವ ಗುಂಡಿ ಒತ್ತಬೇಕೆಂದು ಹೇಳುವ ಪುಸ್ತಕ. ಅದು ಪಂಚಾಂಗ. ಇನ್ನೊಂದು, ಲೆಕ್ಕವನ್ನು ಯಂತ್ರಕ್ಕೆ ಹೇಗೆ ಹೇಳಿಕೊಡಬೇಕು ಎಂಬ ವಿಚಾರವನ್ನು ಕಲಿಸುವ ಪುಸ್ತಕ. ಅದು ಗಣಿತ.

ಮೊದಲ ಜಾತಿಯ ಆಯಸ್ಸು ಲೇಖಕನ ಕೈಯಲ್ಲಿಲ್ಲ, ಕಂಪನಿಯ ಕೈಯಲ್ಲಿದೆ. ಅಡೋಬಿ ಸಂಸ್ಥೆ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ಗೆ ವಿದಾಯ ಹೇಳಿತು. ಅದನ್ನು ಕಲಿಸುವ ಪುಸ್ತಕಗಳೆಲ್ಲ ಅಂದೇ ಕೆಲಸ ಕಳೆದುಕೊಂಡವು. ಪೈಥಾನ್ ಭಾಷೆಯ ಎರಡನೆಯ ಆವೃತ್ತಿಗೆ 2020ರ ಜನವರಿ 1 ಕೊನೆಯ ಗಡುವಾಯಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಅಂದರೆ ದೇಶದ ಸಾವಿರಾರು ಕಪಾಟುಗಳಲ್ಲಿ ಮತ್ತೊಂದು ತಲೆಮಾರಿನ ಕೈಪಿಡಿಗಳು ಈಗಷ್ಟೇ ಪಂಚಾಂಗವಾಗಿವೆ. ಅವು ಎಲ್ಲಿಗೆ ಹೋಗುತ್ತವೆ ಎಂಬುದು ಇಂದಿನ ಪ್ರಶ್ನೆ.

ಹಳೆಯ ಕೈಪಿಡಿ ನಿರುಪಯುಕ್ತವಷ್ಟೇ ಆಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. ಕೆಲವೊಮ್ಮೆ ಅದು ಹಾನಿಕರವೂ ಹೌದು. ಇಪ್ಪತ್ತು ವರ್ಷಗಳ ಹಿಂದೆ ಪಿಎಚ್‌ಪಿ ಭಾಷೆಯಲ್ಲಿ ಜಾಲತಾಣ ಕಟ್ಟುವುದನ್ನು ಕಲಿಸುತ್ತಿದ್ದ ಅನೇಕ ಪುಸ್ತಕಗಳು ಬಳಕೆದಾರ ತುಂಬಿದ ಮಾಹಿತಿಯನ್ನು ಹಾಗೆಯೇ ದತ್ತಸಂಚಯದ ಆದೇಶದೊಳಗೆ ಸೇರಿಸುವ ಮಾದರಿಗಳನ್ನು ಕೊಡುತ್ತಿದ್ದವು. ಕಳ್ಳರು ಒಳನುಗ್ಗಲು ಬಾಗಿಲು ತೆರೆದಿಡುವ ಕ್ರಮವದು. ಗುಪ್ತಪದಗಳನ್ನು ಎಂಡಿ5 ಎಂಬ ವಿಧಾನದಿಂದ ಮರೆಮಾಚಿದರೆ ಸಾಕೆಂದು ಅಂದಿನ ಪುಸ್ತಕಗಳು ಹೇಳುತ್ತಿದ್ದವು; ಇಂದು ಅದನ್ನು ಸುರಕ್ಷಿತವೆಂದು ಯಾರೂ ಒಪ್ಪುವುದಿಲ್ಲ. ಆ ಪುಸ್ತಕಗಳ ಮೈಎಸ್‌ಕ್ಯೂಎಲ್ ಆದೇಶಗಳನ್ನೇ 2015ರ ಪಿಎಚ್‌ಪಿ 7ನೇ ಆವೃತ್ತಿಯಿಂದ ಕೈಬಿಡಲಾಯಿತು. ಅವಧಿ ಮೀರಿದ ಔಷಧಿಯನ್ನು ಬಡವರಿಗೆ ಹಂಚುವವರನ್ನು ನಾವು ದಾನಿಗಳೆಂದು ಕರೆಯುವುದಿಲ್ಲ. ಅವಧಿ ಮೀರಿದ ವಿದ್ಯೆಯ ವಿಷಯದಲ್ಲಿ ಮಾತ್ರ ನಮ್ಮ ವಿವೇಕ ಸಡಿಲವಾಗುತ್ತದೆ.

ಎರಡನೆಯ ಜಾತಿಯ ಪುಸ್ತಕಗಳ ಕಥೆ ಬೇರೆ. ಡೊನಾಲ್ಡ್ ನೂಥ್ ಅವರ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಗ್ರಂಥದ ಮೊದಲ ಸಂಪುಟ ಬಂದದ್ದು 1968ರಲ್ಲಿ. ಕರ್ನಿಘನ್ ಮತ್ತು ರಿಚಿ ಅವರ ಸಿ ಭಾಷೆಯ ಪುಸ್ತಕ ಬಂದದ್ದು 1978ರಲ್ಲಿ. ಇವು ಇಂದಿಗೂ ಓದುಗರನ್ನು ಬೆಳೆಸುತ್ತಿವೆ. ಹಳೆಯ ಭಾಷೆಗಳೂ ಪೂರ್ತಿ ಸತ್ತಿವೆ ಎನ್ನುವಂತಿಲ್ಲ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಕಾಲದ ನಿರುದ್ಯೋಗ ಭತ್ಯೆಯ ಅರ್ಜಿಗಳ ಭಾರಕ್ಕೆ ಹಳೆಯ ವ್ಯವಸ್ಥೆ ತತ್ತರಿಸಿದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಫಿಲ್ ಮರ್ಫಿ ಕೋಬಾಲ್ ಬಲ್ಲವರು ನೆರವಿಗೆ ಬರಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. ಕೋಬಾಲ್ ಹುಟ್ಟಿದ್ದು 1959ರಲ್ಲಿ. ಆದ್ದರಿಂದ ಮುದ್ರಣದ ವರ್ಷವೊಂದನ್ನೇ ನೋಡಿ ತೀರ್ಪು ಕೊಡುವಂತಿಲ್ಲ. ಪುಸ್ತಕವನ್ನು ತೆರೆದು ನೋಡಬೇಕು. ನಾವು ತಪ್ಪಿಸಿಕೊಳ್ಳುವುದು ಈ ತೆರೆದು ನೋಡುವ ಶ್ರಮದಿಂದಲೇ.

‘ಏನೂ ಇಲ್ಲದ ಕಡೆ ಹಳೆಯದಾದರೂ ಇರಲಿ’ ಎಂಬ ವಾದವೊಂದಿದೆ. ಮೇಲ್ನೋಟಕ್ಕೆ ಇದು ಕರುಣೆಯ ಮಾತು. ಆದರೆ ತಪ್ಪನ್ನು ತಪ್ಪೆಂದು ಗುರುತಿಸುವ ಶಕ್ತಿ ಇರುವವನಿಗೆ ಮಾತ್ರ ಹಳೆಯ ಪುಸ್ತಕ ನಿರಪಾಯಕಾರಿ. ನಗರದ ಎಂಜಿನಿಯರ್ ಫಾಕ್ಸ್‌ಪ್ರೊ ಪುಸ್ತಕವನ್ನು ನೋಡಿ ಮುಗುಳ್ನಗುತ್ತಾನೆ. ಮೊದಲ ಬಾರಿಗೆ ಕಂಪ್ಯೂಟರ್ ಬಗ್ಗೆ ಓದುತ್ತಿರುವ ಹಳ್ಳಿಯ ವಿದ್ಯಾರ್ಥಿಗೆ ಅದು ಹಳೆಯದೆಂದು ಹೇಳುವವರಿಲ್ಲ. ಗ್ರಂಥಾಲಯದಲ್ಲಿ ಇದೆ ಎಂದ ಮೇಲೆ ಸರಿಯೇ ಇರಬೇಕೆಂದು ಅವಳು ನಂಬುತ್ತಾಳೆ. ಇನ್ನೂ ಒಂದು ಅಪಾಯವಿದೆ. ಕಪಾಟು ತುಂಬಿದ್ದರೆ ‘ಕಂಪ್ಯೂಟರ್ ವಿಭಾಗದಲ್ಲಿ ಸಾಕಷ್ಟು ಪುಸ್ತಕಗಳಿವೆ’ ಎಂದು ಲೆಕ್ಕ ಬರೆಯಲಾಗುತ್ತದೆ. ಹೊಸ ಪುಸ್ತಕದ ಬೇಡಿಕೆಯೇ ಹುಟ್ಟುವುದಿಲ್ಲ.

ಗ್ರಂಥಾಲಯ ಶಾಸ್ತ್ರ ಈ ಸಮಸ್ಯೆಯನ್ನು ಎಂದೋ ಕಂಡಿದೆ. ಬೇಡದ ಪುಸ್ತಕಗಳನ್ನು ಹೊರತೆಗೆಯುವುದಕ್ಕೆ ಆ ಶಾಸ್ತ್ರದಲ್ಲಿ ‘ಕಳೆ ಕೀಳುವುದು’ ಎಂದೇ ಹೆಸರು. ಅಮೆರಿಕದ ಟೆಕ್ಸಾಸ್ ರಾಜ್ಯ ಗ್ರಂಥಾಲಯ ರೂಪಿಸಿದ ಪ್ರಸಿದ್ಧ ಮಾರ್ಗಸೂಚಿಯು ಕಂಪ್ಯೂಟರ್ ಪುಸ್ತಕಗಳನ್ನು ಮೂರು ವರ್ಷಗಳಾಗುತ್ತಲೇ ಪರಿಶೀಲನೆಗೆ ಒಳಪಡಿಸಬೇಕೆನ್ನುತ್ತದೆ. ಭಾರತೀಯ ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯವನ್ನು ಉಳಿಸುವ ಕುರಿತದ್ದು. ಐದನೆಯದು ಗ್ರಂಥಾಲಯವನ್ನು ಬೆಳೆಯುವ ಜೀವಿಯಾಗಿ ಕಾಣುತ್ತದೆ. ಅವರು 1962ರಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ್ದು ಇದೇ ಬೆಂಗಳೂರಿನಲ್ಲಿ. ಬೆಳೆಯುವ ಜೀವಿ ಹಳೆಯದನ್ನು ಕಳಚಿಕೊಳ್ಳಲೇಬೇಕು. ಈ ಸರಳ ಸತ್ಯ ಅವರ ನೆಲದ ಗ್ರಂಥಾಲಯಗಳಿಗೆ ಇನ್ನೂ ದಕ್ಕಿಲ್ಲ.

ಇದರಲ್ಲಿ ಗ್ರಂಥಪಾಲಕರ ತಪ್ಪು ಕಡಿಮೆ. ಆ ಹುಡುಗಿಯನ್ನು ಕಂಡ ದಿನವೇ ನಾನು ಗ್ರಂಥಾಲಯದ ಮೇಲ್ವಿಚಾರಕರ ಬಳಿ ಹೋಗಿ, ನನ್ನ ಪುಸ್ತಕಗಳನ್ನು ನನಗೇ ಹಿಂದಿರುಗಿಸಿಬಿಡಿ ಎಂದು ಕೇಳಿದೆ. ಅವರು ಗಾಬರಿಯಾದರು. ‘ಸ್ಟಾಕ್ ರಿಜಿಸ್ಟರ್‌ಗೆ ಏರಿಸಿಬಿಟ್ಟಿದ್ದೀವಿ ಸರ್. ಒಂದು ಕಮ್ಮಿಯಾದ್ರೂ ನನ್ನ ಕುತ್ತಿಗೆಗೆ ಬರುತ್ತೆ’ ಎಂದರು. ಅವರ ಭಯ ನಿರಾಧಾರವಲ್ಲ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ವರ್ಷದಲ್ಲಿ ಓದುಗರ ಕೈಗೆ ಹೋದ ಪ್ರತಿ ಸಾವಿರ ಸಂಪುಟಗಳಿಗೆ ಐದು ಕಳೆದುಹೋದರೆ ಅದು ಸಹಜ ನಷ್ಟ. ಆದರೆ 1,000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕ ಕಳೆದರೆ ತನಿಖೆ ಆಗಲೇಬೇಕು. ಹಳ್ಳಿಯ ಗ್ರಂಥಾಲಯಕ್ಕೆ ಈ ನಿಯಮ ನೇರವಾಗಿ ಅನ್ವಯಿಸದಿದ್ದರೂ ಲೆಕ್ಕಪರಿಶೋಧನೆಯ ಭಯ ಎಲ್ಲೆಡೆಯೂ ಒಂದೇ. ಪುಸ್ತಕ ಅಲ್ಲಿ ಜ್ಞಾನವಲ್ಲ, ಕುರ್ಚಿ ಮೇಜುಗಳಂತೆ ಆಸ್ತಿ. ಓದುಗನನ್ನು ದಾರಿ ತಪ್ಪಿಸುವ ಪುಸ್ತಕವನ್ನು ಇಟ್ಟುಕೊಂಡದ್ದಕ್ಕೆ ಯಾರೂ ನೋಟಿಸ್ ಕೊಡುವುದಿಲ್ಲ, ತೆಗೆದುಹಾಕಿದ್ದಕ್ಕೆ ಕೊಡುತ್ತಾರೆ.

ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಆಸ್ತಿ ತೆರಿಗೆಯ ಮೇಲೆ ಶೇ 6ರ ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಿದ್ದೇವೆ. ಸ್ಥಳೀಯ ಸಂಸ್ಥೆಗಳು ಈ ಹಣವನ್ನು ಸಕಾಲದಲ್ಲಿ ಗ್ರಂಥಾಲಯಗಳಿಗೆ ವರ್ಗಾಯಿಸುವುದಿಲ್ಲ ಎಂಬ ದೂರು ಹಳೆಯದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ನಂತರದ ವರ್ಷಗಳಲ್ಲಿ ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದು, ಹಲವೆಡೆ ಕಂಪ್ಯೂಟರುಗಳನ್ನೂ ಪಡೆದಿವೆ. ಇದು ಸ್ವಾಗತಾರ್ಹ ಬದಲಾವಣೆ. ಆದರೆ ಹೊಸ ಕಂಪ್ಯೂಟರಿನ ಪಕ್ಕದಲ್ಲಿ ನಮ್ಮ ವಿಂಡೋಸ್ 95 ಪುಸ್ತಕವನ್ನು ಇಟ್ಟರೆ ಅರಿವಿನ ಹೆಸರಿಗೆ ನ್ಯಾಯ ಸಲ್ಲದು. ಇಲಾಖೆ ಮಾಡಬೇಕಾದದ್ದು ಇಷ್ಟು: ತಂತ್ರಜ್ಞಾನದ ಪುಸ್ತಕಗಳನ್ನು ವರ್ಷಕ್ಕೊಮ್ಮೆ ಪರಿಶೀಲಿಸಲು ತಾಲ್ಲೂಕು ಮಟ್ಟದಲ್ಲಿ ಒಂದು ಚಿಕ್ಕ ಸಮಿತಿ; ಸಮಿತಿ ಕೈಬಿಟ್ಟ ಪುಸ್ತಕದ ಹೊಣೆ ಮೇಲ್ವಿಚಾರಕರ ಮೇಲೆ ಬೀಳದಂತೆ ಸ್ಪಷ್ಟ ಆದೇಶ; ದಾನವಾಗಿ ಬಂದದ್ದನ್ನು ನಿರಾಕರಿಸುವ ಹಕ್ಕು. ಇದಾವುದಕ್ಕೂ ದೊಡ್ಡ ಹಣ ಬೇಕಿಲ್ಲ.

ಹಾಗಾದರೆ ಎಲ್ಲ ಹಳೆಯ ಕೈಪಿಡಿಗಳೂ ರದ್ದಿಗೆ ಹೋಗಬೇಕೆ? ಇಲ್ಲೊಂದು ಮಹತ್ವದ ಅಪವಾದವಿದೆ. ನನ್ನ ಸಾಲಿನಲ್ಲಿ ಆರು ಕನ್ನಡ ಪುಸ್ತಕಗಳಿದ್ದವು. ತಾಂತ್ರಿಕವಾಗಿ ಅವು ಇಂಗ್ಲಿಷ್ ಪುಸ್ತಕಗಳಷ್ಟೇ ಹಳತು. ಆದರೆ ಅವುಗಳ ಪುಟಗಳಲ್ಲಿ ಒಂದು ಭಾಷೆ ಹೊಸ ಲೋಕಕ್ಕೆ ಹೆಸರಿಡಲು ಹೆಣಗಿದ ದಾಖಲೆಯಿದೆ. ಒಬ್ಬ ಲೇಖಕ ‘ಗಣಕಯಂತ್ರ’ ಎನ್ನುತ್ತಾನೆ, ಮತ್ತೊಬ್ಬ ‘ಕಂಪ್ಯೂಟರ್’ ಎಂದೇ ಉಳಿಸಿಕೊಳ್ಳುತ್ತಾನೆ. ತಂತ್ರಾಂಶ, ಯಂತ್ರಾಂಶ, ಕೀಲಿಮಣೆ, ಕಡತ, ಅಂತರ್ಜಾಲ, ಜಾಲತಾಣ ಮೊದಲಾದ ಮಾತುಗಳು ಇಂತಹ ಬರಹಗಳಲ್ಲಿ ಪಳಗಿ ನಮ್ಮ ನಾಲಗೆಗೆ ಬಂದವು. ಇಂಗ್ಲಿಷಿನ ಡಾಸ್ ಪುಸ್ತಕದ ಪ್ರತಿ ಜಗತ್ತಿನ ಯಾವುದೋ ಮೂಲೆಯಲ್ಲಿ ಉಳಿದೇ ಉಳಿಯುತ್ತದೆ. ಕೆಲವೇ ಪ್ರತಿಗಳಲ್ಲಿ ಅಚ್ಚಾದ ಕನ್ನಡ ಪುಸ್ತಕವನ್ನು ನಾವು ಕಾಯದಿದ್ದರೆ ಬೇರಾರೂ ಕಾಯುವುದಿಲ್ಲ.

ಇದಕ್ಕೆ ಭಾವನೆಯಾಚೆಗಿನ ಕಾರಣವೂ ಇದೆ. ‘ಬರಹ’ ತಂತ್ರಾಂಶದ ಮೊದಲ ಆವೃತ್ತಿ 1998ರಲ್ಲಿ ಬಂತು. ನಂತರ ‘ನುಡಿ’ ಬಂತು. ಯೂನಿಕೋಡ್ ಎಂಬ ಏಕರೂಪದ ಅಕ್ಷರಸಂಕೇತವನ್ನು ರಾಜ್ಯ ಸರ್ಕಾರ ಶಿಷ್ಟತೆಯಾಗಿ ಒಪ್ಪಿದ್ದು 2012ರಲ್ಲಿ. ಅದಕ್ಕೂ ಮುಂಚೆ ನಾವು ಬೆರಳಚ್ಚು ಮಾಡಿದ ಅಸಂಖ್ಯ ಪತ್ರ, ಲೇಖನ, ಪುಸ್ತಕಗಳ ಕಡತಗಳು ಆಯಾ ಫಾಂಟ್ ಇಲ್ಲದಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಅವುಗಳನ್ನು ಮುಂದೆ ಓದಬೇಕಾದವರಿಗೆ ಆ ಕಾಲದ ಫಾಂಟ್, ಕೀಲಿಮಣೆ, ಸಂಕೇತಗಳ ತಿಳಿವು ಬೇಕು. ಹಳೆಯ ಕೈಪಿಡಿ ಆಗ ಶಾಸನ ಓದುವವನಿಗೆ ಲಿಪಿಯ ಪಟ್ಟಿ ಇದ್ದಂತೆ.

ಕಾಯುವ ದಾರಿಗಳೂ ಇವೆ. ಪ್ರಕಾಶಕರು ತಮ್ಮ ಪ್ರತಿ ಪ್ರಕಟಣೆಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ನಿಗದಿತ ಗ್ರಂಥಾಲಯಗಳಿಗೆ ಕಳುಹಿಸಬೇಕೆಂದು 1954ರ ಕಾನೂನೇ ಹೇಳುತ್ತದೆ. ಪಾಲಿಸಿದವರು ಎಷ್ಟು ಮಂದಿ ಎಂಬುದನ್ನು ಅವರೇ ಹೇಳಬೇಕು. ಲೇಖಕನ ಮರಣಾನಂತರ 60 ವರ್ಷ ಹಕ್ಕುಸ್ವಾಮ್ಯ ಉಳಿಯುವುದರಿಂದ ಈ ಪುಸ್ತಕಗಳನ್ನು ಯಾರು ಬೇಕಾದರೂ ಅಂತರ್ಜಾಲಕ್ಕೆ ಏರಿಸುವಂತಿಲ್ಲ. ಆದರೆ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಮುದ್ರಿತ ಪ್ರತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಬಹುದು. ಅದೇ ಕಾಯ್ದೆಯ 21ನೇ ಕಲಮಿನಡಿ ಲೇಖಕರು ತಮ್ಮ ಹಕ್ಕನ್ನು ತಾವೇ ಬಿಟ್ಟುಕೊಡಬಹುದು. ಮರುಮುದ್ರಣದ ಆಸೆಯಿಲ್ಲದ ಪುಸ್ತಕಗಳ ಲೇಖಕರು ಇದನ್ನು ಯೋಚಿಸಬೇಕು. ಇಂಟರ್ನೆಟ್ ಆರ್ಕೈವ್‌ಗಾಗಿ ಬೆಂಗಳೂರಿನಲ್ಲಿ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡುತ್ತಿರುವ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ನಂತಹ ಪ್ರಯತ್ನಗಳು ಈಗಾಗಲೇ ನಡೆದಿವೆ.

ಕೊನೆಗೆ ನನ್ನ ನಲವತ್ತೆರಡರ ಲೆಕ್ಕ. ಎರಡು ಭಾನುವಾರ ಕುಳಿತು ಪ್ರತಿಯೊಂದನ್ನೂ ತೆರೆದು ನೋಡಿದೆ. ಇಪ್ಪತ್ತೊಂಬತ್ತು ಪಂಚಾಂಗಗಳೆಂದು ಖಚಿತವಾಯಿತು. ಅವುಗಳ ಹಿಂಬದಿಗೆ ಅಂಟಿಸಿದ್ದ ಸಿ.ಡಿಗಳನ್ನು ಕಿತ್ತು ಇ-ತ್ಯಾಜ್ಯದವರಿಗೆ ಬೇರೆಯಾಗಿ ಕೊಟ್ಟೆ. ಪ್ಲಾಸ್ಟಿಕ್ ತಟ್ಟೆ ಕಾಗದದ ಜೊತೆ ಸೇರಿದರೆ ಕಾಗದವೂ ಕೆಡುತ್ತದೆ. ಉಳಿದದ್ದು ರದ್ದಿಗೆ ಹೋಯಿತು. ಕಾಗದ ಮತ್ತೆ ಕಾಗದವಾಗುವುದರಲ್ಲಿ ಸರಸ್ವತಿಗೆ ಅವಮಾನವೇನೂ ಇಲ್ಲ. ತತ್ತ್ವ ಹೇಳುವ ಏಳು ಪುಸ್ತಕಗಳನ್ನು, ಬೇಕೇ ಎಂದು ಮೊದಲು ಕೇಳಿ, ಬೇಕೆಂದ ಇಬ್ಬರು ವಿದ್ಯಾರ್ಥಿಗಳಿಗೆ ಕೊಟ್ಟೆ. ಯಾವ ಅಧ್ಯಾಯ ಹಳತಾಗಿದೆ ಎಂದು ಒಳಗೊಂದು ಚೀಟಿ ಬರೆದಿಟ್ಟೆ. ಆರು ಕನ್ನಡ ಪುಸ್ತಕಗಳು ಸಂರಕ್ಷಣೆಗಾಗಿ ಕಾದಿವೆ.

ಊರಿನ ಗ್ರಂಥಾಲಯಕ್ಕೆ ಈ ಬಾರಿ ಪೆಟ್ಟಿಗೆ ಹೋಗಲಿಲ್ಲ. ಮೇಲ್ವಿಚಾರಕರಿಗೆ ಫೋನ್ ಮಾಡಿ, ಓದುವವರು ಯಾವ ಪುಸ್ತಕ ಕೇಳುತ್ತಿದ್ದಾರೆಂದು ವಿಚಾರಿಸಿದೆ. ಅವರು ನಾಲ್ಕು ಹೆಸರು ಹೇಳಿದರು, ನಾಲ್ಕೂ ಹೊಸ ಪುಸ್ತಕಗಳು. ರದ್ದಿಯಿಂದ ಬಂದ ಹಣ ಅದರಲ್ಲಿ ಒಂದಕ್ಕೂ ಸಾಲಲಿಲ್ಲ. ಉಳಿದದ್ದನ್ನು ಕೈಯಿಂದ ಹಾಕಿದೆ. ದಾನವೆಂದರೆ ಕೈಯಿಂದ ಏನಾದರೂ ಹೋಗಲೇಬೇಕಷ್ಟೆ. ಡಾಸ್ ಪುಸ್ತಕ ಇನ್ನೂ ಕಪಾಟಿನಲ್ಲೇ ಇದೆಯೇ ಎಂದು ಕೇಳಿದೆ. ‘ಇದೆ ಸರ್, ರಿಜಿಸ್ಟರ್‌ನಲ್ಲಿದೆಯಲ್ಲ’ ಎಂದರು.